ಬಡಮಕ್ಕಳ ಕೈಗೆ ಪುಸ್ತಕವನ್ನಿತ್ತ ರಾಬರ್ಟ್ ರೇಕ್ಸರ ಚರಿತ್ರೆ

ಪ್ರತಿ ಆದಿತ್ಯವಾರವೂ ದೇವಾಲಯದ ಮಗ್ಗುಲ ಕೊಠಡಿಯಲ್ಲೋ ಶಾಲೆಯ ಹಜಾರದಲ್ಲೋ ಚಿಕ್ಕ ಮಕ್ಕಳು ಗುಂಪುಗುಂಪಾಗಿ ಕುಳಿತು ಪಾಠ ಹೇಳಿಸಿಕೊಳ್ಳುವುದನ್ನು ನಾವು ಬಾಲ್ಯದಿಂದಲೂ ನೋಡುತ್ತ ಬಂದಿದ್ದೇವೆ. ಈ ಸಂಚಿಕೆಯನ್ನು ಓದುವ ಸೋದರಿಯರಲ್ಲಿ ಅನೇಕರು ಮೊದಲು ಕಲಿಯುವವರಾಗಿಯೂ ತರುವಾಯ ಕಲಿಸುವವರಾಗಿಯೂ ಅಂಥ ಗುಂಪುಗಳಲ್ಲಿ ಕುಳಿತಿದ್ದವರೇ ಆಗಿರುತ್ತಾರೆ. ಸಂಡೇಸ್ಕೂಲು ಎಂದೊಡನೆ ಸತ್ಯವೇದದ ಕಥೆಗಳು, ಗೀತಗಳು, ಕಂಠಪಾಠದ ವಚನಗಳು ನಮ್ಮ ನೆನಪಿಗೆ ಬರುತ್ತವೆ. ಆದರೆ ಆ ಶಾಲೆಯು ಹುಟ್ಟಿದ ಕಾಲದಲ್ಲಿ ಅದು ಇನ್ನೂ ಮೊದಲಿನ ಒಂದು ಕೆಲಸವನ್ನು ಮಾಡಬೇಕಾಗಿತ್ತೆಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು. ವಾರದಲ್ಲಿ ಆರು ದಿನ ಕೂಲಿಯ ದುಡಿಮೆಯಲ್ಲಿ ಸವೆಯುತ್ತಿದ್ದ, ಒಂದಕ್ಷರವನ್ನೂ ಅರಿಯದ ಬಡಮಕ್ಕಳಿಗೆ ಉಳಿದ ಒಂದು ದಿನದಲ್ಲಿ ಓದಲು ಕಲಿಸುವುದೇ ಆ ಕೆಲಸ. ಅದನ್ನು ಒಂದು ಓಣಿಯಿಂದ ಎತ್ತಿ ದೇಶದೇಶಗಳಿಗೆ ತಿಳಿಯುವಂತೆ ಮಾಡಿದವರು ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದ ರಾಬರ್ಟ್ ರೇಕ್ಸರು. ಅವರ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ತಾಯ್ತಂದೆಗಳ ಮುಂದೆಯೂ ಇಡಬೇಕೆಂದು ನಾವು ಇಲ್ಲಿ ಪ್ರಯತ್ನಿಸಿದ್ದೇವೆ.

ಗ್ಲಾಸ್ಟರ್ ಎಂಬುದು ಇಂಗ್ಲೆಂಡಿನ ಪಶ್ಚಿಮಭಾಗದಲ್ಲಿ ಸೆವರ್ನ್ ನದಿಯ ತೀರದಲ್ಲಿರುವ ಪುರಾತನ ಪಟ್ಟಣ. ಅಲ್ಲಿಯ ಹಿರಿಯ ದೇವಾಲಯದ ಸಮೀಪದಲ್ಲಿ 1736ನೆಯ ಇಸವಿ ಸೆಪ್ಟೆಂಬರ್ 14ರಂದು ರೇಕ್ಸರು ಜನಿಸಿದರು. ತಂದೆಯ ಹೆಸರೂ ರಾಬರ್ಟ್ ರೇಕ್ಸ್ ಎಂದೇ ಇದ್ದಿತು. ತಾಯಿ ಮೇರಿಯವರು ಒಬ್ಬ ಪಾದ್ರಿಗಳ ಮಗಳು. ತಂದೆಯು ಅಚ್ಚುಕೂಟವನ್ನು ನಡೆಸುತ್ತ 1722ರಲ್ಲಿ ಗ್ಲಾಸ್ಟರ್ ಜರ್ನಲ್ ಎಂಬ ವಾರಪತ್ರಿಕೆಯನ್ನು ಹೊರಡಿಸಿದ್ದರು. ನಮ್ಮ ಕನ್ನಡದ ಮೊದಲನೆಯ ವೃತ್ತಾಂತಪತ್ರಿಕೆಯಾದ ಮಂಗಳೂರ ಸಮಾಚಾರವು ಪ್ರಕಟವಾದದ್ದು 1843ರಲ್ಲಿ ಎಂಬುದನ್ನು ನೆನೆದರೆ ಆ ಪತ್ರಿಕೆಯ ಹಳಮೆಯು ವಾಚಕರಿಗೆ ಗೋಚರವಾಗುವುದು. ಪಾರ್ಲಿಮೆಂಟಿನ ನಡವಳಿಗಳನ್ನು ಪ್ರಕಟಿಸುವುದು ಅಪರಾಧವೆಂದೆಣಿಸಲಾಗುತ್ತಿದ್ದ ಆ ದಿನಗಳಲ್ಲಿ ತಂದೆಯು ಅವುಗಳನ್ನು ಅಚ್ಚುಹಾಕಿಸಿ ಸಭೆಯವರಿಂದ ಛೀಮಾರಿಯನ್ನು ಅನುಭವಿಸಿದ್ದರು. ಜನರು ತಿಳಿಯಬೇಕಾದುದನ್ನು ಜನರಿಗೆ ತಿಳಿಸಬೇಕೆಂಬ ಹಟವು ಹೀಗೆ ಆ ಮನೆಯಲ್ಲಿ ಮೊದಲಿನಿಂದಲೂ ಇದ್ದಿತು.

1757ರಲ್ಲಿ ತಂದೆಯು ತೀರಿಕೊಂಡಾಗ ಮಗನಿಗೆ ಇನ್ನೂ ಇಪ್ಪತ್ತೊಂದರ ಪ್ರಾಯ. ಪತ್ರಿಕೆಯ ಹೊಣೆಯೆಲ್ಲವೂ ಆ ಎಳೆಯ ಹೆಗಲ ಮೇಲೆ ಬಿದ್ದಿತು. ಅವರು ಅದನ್ನು ನಲವತ್ತೈದು ವರ್ಷಗಳ ಕಾಲ ಹೊತ್ತು ನಡೆಸಿದರು. 1767ರಲ್ಲಿ ಆನ್ ಟ್ರಿಗ್ ಎಂಬಾಕೆಯನ್ನು ವಿವಾಹವಾದರು, ಮನೆತುಂಬ ಮಕ್ಕಳಾದರು. ರೇಕ್ಸರು ವೈರಾಗ್ಯದ ಮೂರ್ತಿಯಾಗಿದ್ದರೆಂದು ಯಾರೂ ಭಾವಿಸಬಾರದು. ಒಳ್ಳೆಯ ಉಡುಪು, ಅಂದವಾದ ಕೃತಕಕೇಶ, ಎದೆಯಲ್ಲಿ ಹೂಗೊಂಚಲು, ಕೈಯಲ್ಲಿ ನಸ್ಯದ ಡಬ್ಬಿ, ಇವುಗಳೊಡನೆ ಬೀದಿಯಲ್ಲಿ ಠೀವಿಯಿಂದ ನಡೆಯುತ್ತಿದ್ದ ಅವರನ್ನು ಊರಿನವರು ಸೊಗಸುಗಾರನೆಂದು ಕರೆದು ನಗುವುದುಂಟು. ಅಂಥ ಸೊಗಸುಗಾರರು ಊರಿನ ಅತ್ಯಂತ ಕೊಳೆಯಾದ ಎರಡು ಸ್ಥಳಗಳಿಗೆ, ಎಂದರೆ ಸೆರೆಮನೆಗೂ ಬಡವರ ಓಣಿಗೂ, ಪದೇ ಪದೇ ಹೋಗುತ್ತಿದ್ದರೆಂಬುದೇ ಅವರ ಜೀವಿತದ ವಿಶೇಷ.

ಅವರ ಪರೋಪಕಾರವು ಮೊದಲಾದದ್ದು ಸೆರೆಮನೆಯಲ್ಲಿ. ಆಗಿನ ಇಂಗ್ಲೆಂಡಿನ ಸೆರೆಮನೆಗಳ ಸ್ಥಿತಿಯನ್ನು ಕೇಳಿದರೆ ಮೈನಡುಗುವುದು. ಸಾಲ ತೀರಿಸಲಾರದವನೂ ಕಳ್ಳನೂ ಕೊಲೆಗಾರನೂ ಒಂದೇ ಕಡೆಯಲ್ಲಿ ಬಿದ್ದಿರುತ್ತಿದ್ದರು. ಹೊಟ್ಟೆಗೆ ಸರಿಯಾದ ಏರ್ಪಾಡಿಲ್ಲ, ಗಾಳಿಯಿಲ್ಲ, ಸೆರೆಮನೆಯ ಜ್ವರವೆಂದೇ ಹೆಸರಾದ ವ್ಯಾಧಿಯು ಅನೇಕರನ್ನು ಕೊಂಡೊಯ್ಯುತ್ತಿತ್ತು. ರೇಕ್ಸರು ತಮ್ಮ ಪತ್ರಿಕೆಯಲ್ಲಿ ಈ ದುರವಸ್ಥೆಯನ್ನು ಬಣ್ಣಿಸಿ ಬರೆದು, ಕೈದಿಗಳ ಅನ್ನವಸ್ತ್ರಗಳಿಗಾಗಿ ಹಣವನ್ನು ಬೇಡಿದರು. ಇಷ್ಟರಿಂದ ತೃಪ್ತರಾಗದೆ ಇನ್ನೊಂದು ಉಪಾಯವನ್ನೂ ಹುಡುಕಿದರು. ಕೈದಿಗಳಲ್ಲಿ ಓದುಬಲ್ಲವನೊಬ್ಬನು ಕಂಡರೆ, ಉಳಿದವರಿಗೆ ಓದು ಹೇಳಿಕೊಡುವಂತೆ ಅವನನ್ನು ಒಪ್ಪಿಸಿ, ಅವನ ಶ್ರದ್ಧೆಗೆ ತಕ್ಕಂತೆ ಕೈಯಿಂದ ಹಣ ಕೊಡುತ್ತಿದ್ದರು. ಬಲ್ಲವನು ಬಲ್ಲದವನ ಪಕ್ಕದಲ್ಲಿ ಕುಳಿತು ಅಕ್ಷರವನ್ನು ತೋರಿಸಿಕೊಡುವ ಆ ಕ್ರಮವೇ ಮುಂದೆ ಲಕ್ಷಾಂತರ ಮಕ್ಕಳ ಪಾಲಿಗೆ ಬಾಗಿಲಾಯಿತು.

ಆದರೂ ಇಪ್ಪತ್ತು ವರ್ಷಗಳ ಈ ಪ್ರಯಾಸದ ಫಲವು ಅಲ್ಪವಾಗಿಯೇ ಕಂಡಿತು. ಬಿಡುಗಡೆಯಾದವರಲ್ಲಿ ಕೆಲವರು ಮತ್ತೆ ಅದೇ ಬಾಗಿಲಿಗೆ ಬರುತ್ತಿದ್ದರು. ಬೆಳೆದ ಮರವನ್ನು ಬಗ್ಗಿಸುವ ಕಷ್ಟವನ್ನು ಕಂಡಮೇಲೆ, ದುರ್ಮಾರ್ಗಕ್ಕೆ ಅಜ್ಞಾನವೇ ಮೂಲವೆಂದೂ, ಸೆರೆಮನೆಯಲ್ಲಿ ಮಾಡುವ ಚಿಕಿತ್ಸೆಗಿಂತ ಬಾಲ್ಯದಲ್ಲಿ ಮಾಡುವ ರಕ್ಷಣೆಯೇ ಮೇಲೆಂದೂ ಅವರ ಮನಸ್ಸಿಗೆ ತೋರತೊಡಗಿತು. ಆದರೆ ಯಾವ ಮಕ್ಕಳನ್ನು, ಯಾವ ಹೊತ್ತಿನಲ್ಲಿ, ಎಲ್ಲಿ ಕೂರಿಸಿ ಕಲಿಸುವುದು? ಈ ಪ್ರಶ್ನೆಗೆ ಉತ್ತರವು ಅವರ ಊರಿನಲ್ಲಿಯೇ ಕಾದಿತ್ತು.

ಗುಂಡುಸೂಜಿಯ ತಯಾರಿಕೆಯು ಆ ಕಾಲದಲ್ಲಿ ಗ್ಲಾಸ್ಟರಿನ ಮುಖ್ಯವಾದ ಕಸಬಾಗಿತ್ತು. ಅರ್ಥಶಾಸ್ತ್ರಜ್ಞರಾದ ಆಡಮ್ ಸ್ಮಿತ್ತರು 1776ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಕೆಲಸದ ಹಂಚಿಕೆಯನ್ನು ವಿವರಿಸಲು ಈ ಗುಂಡುಸೂಜಿಯನ್ನೇ ಉದಾಹರಿಸಿದ್ದಾರೆ. ತಂತಿಯನ್ನು ಎಳೆಯುವುದು, ನೆಟ್ಟಗೆ ಮಾಡುವುದು, ಕತ್ತರಿಸುವುದು, ಮೊನೆಮಾಡುವುದು, ತಲೆ ಕೂಡಿಸುವುದು, ಕಾಗದಕ್ಕೆ ಚುಚ್ಚುವುದು, ಹೀಗೆ ಸುಮಾರು 18 ಬೇರೆ ಬೇರೆ ಕೆಲಸಗಳು ಸೇರಿ ಒಂದು ಸೂಜಿಯಾಗುತ್ತಿತ್ತು. ಇವುಗಳಲ್ಲಿ ಎಳೆಯ ಬೆರಳುಗಳಿಂದ ಆಗಬಹುದಾದ ಕೆಲಸಗಳು ಹಲವು. ಆದಕಾರಣ ಬಡವರ ಮಕ್ಕಳು ಸೋಮವಾರದಿಂದ ಶನಿವಾರದವರೆಗೆ ಆ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದರು. ಅವರ ಕೂಲಿಯಿಲ್ಲದೆ ಮನೆಯಲ್ಲಿ ಒಲೆ ಉರಿಯದು. ವಾರದ ದಿನಗಳಲ್ಲಿ ಎಷ್ಟು ಒಳ್ಳೆಯ ಪಾಠಶಾಲೆಯಿದ್ದರೂ ಆ ಮಕ್ಕಳಿಗೆ ಅದರಿಂದ ಪ್ರಯೋಜನವಿರಲಿಲ್ಲ.

1780ರಲ್ಲಿ ಒಂದು ದಿನ ರೇಕ್ಸರು ತೋಟದ ಆಳೊಬ್ಬನನ್ನು ಗೊತ್ತುಮಾಡಲು ಗುಂಡುಸೂಜಿಯ ಕೆಲಸದವರು ವಾಸಿಸುವ ಕೇರಿಗೆ ಹೋದರು. ಆಳು ಮನೆಯಲ್ಲಿರಲಿಲ್ಲ. ಕಾದು ನಿಂತಿದ್ದಾಗ, ಹರಕು ಬಟ್ಟೆಯ ಮಕ್ಕಳು ಬೀದಿಯಲ್ಲಿ ಬೈದಾಡುತ್ತ ಹೊಡೆದಾಡುತ್ತ ಆಡುವುದನ್ನು ಕಂಡು ಅಲ್ಲಿದ್ದ ಸ್ತ್ರೀಯೊಬ್ಬಳೊಡನೆ ತಮ್ಮ ವ್ಯಥೆಯನ್ನು ಹೇಳಿಕೊಂಡರು. ಇದೇನು ಮಹಾ, ಆದಿತ್ಯವಾರದಂದು ಬಂದು ನೋಡಬೇಕೆಂದು ಆಕೆಯು ತಿಳಿಸಿದಳು. ಕಾರ್ಖಾನೆಗಳು ಮುಚ್ಚಿರುವ ಆ ದಿನದಲ್ಲಿ ಬೀದಿಯ ತುಂಬ ಮಕ್ಕಳೇ. ಅವರ ಗದ್ದಲವೂ ಕೆಟ್ಟ ಮಾತೂ ಕಿವಿಯಿಂದ ಕೇಳಲಾಗದಷ್ಟು. ಇತರರಿಗೆ ಅದು ಪಟ್ಟಣದ ಪೀಡೆಯಾಗಿ ಮಾತ್ರ ತೋರಿತು. ರೇಕ್ಸರಿಗಾದರೋ ತಾವು ಹುಡುಕುತ್ತಿದ್ದ ಹೊತ್ತೂ ಮಕ್ಕಳೂ ಒಂದೇ ಕಡೆಯಲ್ಲಿ ದೊರೆತಂತಾಯಿತು. ಆರು ದಿನಗಳು ಯಜಮಾನನವಾದರೆ ಏಳನೆಯ ದಿನವು ಮಗುವಿನದು. ಆ ದಿನವೇ ಪಾಠದ ದಿನವಾಗಲಿ ಎಂದು ಅವರು ನಿಶ್ಚಯಿಸಿದರು.

ಇಲ್ಲಿ ನಾವು ನ್ಯಾಯವಾಗಿ ಹೇಳಬೇಕಾದ ಒಂದು ಮಾತುಂಟು. ಆದಿತ್ಯವಾರದ ಪಾಠವನ್ನು ಮೊಟ್ಟಮೊದಲು ಕಂಡುಹಿಡಿದವರು ರೇಕ್ಸರೇ ಎಂಬುದು ಸರಿಯಲ್ಲ. ಹೈ ವಿಕೊಂಬ್ ಎಂಬ ಊರಿನಲ್ಲಿ ಹ್ಯಾನಾ ಬಾಲ್ ಎಂಬ ಮೆಥಡಿಸ್ಟ್ ಸೋದರಿಯು 1769ರಲ್ಲಿಯೇ ಮಕ್ಕಳನ್ನು ಹೀಗೆ ಕೂಡಿಸಿ ಕಲಿಸಿದ್ದರು. ಗ್ಲಾಸ್ಟರಿನಲ್ಲಿಯೇ ಸಹಾಯಕ ಪಾದ್ರಿಗಳಾಗಿದ್ದ ಥಾಮಸ್ ಸ್ಟಾಕರು ಅದಕ್ಕೆ ಮುಂಚೆ ಆಶ್‌ಬರಿ ಎಂಬ ಹಳ್ಳಿಯಲ್ಲಿದ್ದಾಗ ಇಂಥ ಶಾಲೆಯೊಂದನ್ನು ನಡೆಸಿದ್ದರು. ರೇಕ್ಸರೂ ಸ್ಟಾಕರೂ ಒಟ್ಟುಗೂಡಿಯೇ ಗ್ಲಾಸ್ಟರಿನ ಮೊದಲ ಶಾಲೆಗಳನ್ನು ಸ್ಥಾಪಿಸಿದರು. ನಿಯಮಗಳನ್ನು ಬರೆದು, ಮನೆಮನೆಗೆ ಹೋಗಿ ಮಕ್ಕಳನ್ನು ಕರೆತಂದು, ಪಾಠವನ್ನು ಪರೀಕ್ಷಿಸಿದ ಶ್ರಮದಲ್ಲಿ ಸ್ಟಾಕರ ಪಾಲು ದೊಡ್ಡದು. ಖರ್ಚಿನಲ್ಲಿ ಹೆಚ್ಚಿನ ಭಾಗವನ್ನು ರೇಕ್ಸರು ಕೊಟ್ಟರು. ಕೀರ್ತಿಯು ಮಾತ್ರ ಬಹುಮಟ್ಟಿಗೆ ಒಬ್ಬರಿಗೇ ಸಂದಿತು. ಏಕೆಂದರೆ ಅವರ ಕೈಯಲ್ಲಿ ಪತ್ರಿಕೆಯಿತ್ತು. ಸ್ಟಾಕರು 1803ರಲ್ಲಿ, ಹೆಚ್ಚು ಮಂದಿಗೆ ತಿಳಿಯದವರಾಗಿಯೇ, ತೀರಿಕೊಂಡರು. ಒಳ್ಳೆಯ ಕಾರ್ಯಗಳ ಚರಿತ್ರೆಯಲ್ಲಿ ಇದು ಅಪರೂಪವಾದ ಸಂಗತಿಯಲ್ಲ.

ಮೊದಮೊದಲ ಶಾಲೆಗಳಲ್ಲೊಂದು ಸೂಟಿ ಆಲಿ, ಎಂದರೆ ಮಸಿಯ ಓಣಿ, ಎಂಬಲ್ಲಿ ಮೆರೆಡಿತ್ ಎಂಬ ಗೃಹಿಣಿಯ ಮನೆಯಲ್ಲಿ ಕೂಡುತ್ತಿತ್ತು. ಮನೆಗಳ ಹೊಗೆಗೂಡುಗಳನ್ನು ಗುಡಿಸುವವರು ಅಲ್ಲಿ ವಾಸಿಸುತ್ತಿದ್ದುದರಿಂದ ಓಣಿಗೆ ಆ ಹೆಸರು. ಆಕೆಯ ಅಡಿಗೆಮನೆಯೇ ಪಾಠಶಾಲೆ. ಮೊದಲು ಹುಡುಗರು ಮಾತ್ರ ಬಂದರು. ಹುಡುಗಿಯರು ಬಳಿಕ ಸೇರಿದರು. ಆಕೆಯು ದೊಡ್ಡ ಹುಡುಗರ ಪಾಠವನ್ನು ಒಪ್ಪಿಸಿಕೊಳ್ಳುವಳು. ಅವರು ಚಿಕ್ಕವರಿಗೆ ಹೇಳಿಕೊಡುವರು. ಆದರೆ ಅಂಕೆಯನ್ನೇ ಅರಿಯದ ಆ ಹುಡುಗರ ಕಾಟವನ್ನು ಮೆರೆಡಿತ್ತಮ್ಮನು ಬಹುಕಾಲ ತಾಳಲಾರದೆ ಹೋದಳು. ಶಾಲೆಯು ಸೌತ್‌ಗೇಟ್ ಬೀದಿಯಲ್ಲಿ, ರೇಕ್ಸರ ಮನೆಯ ಹತ್ತಿರದಲ್ಲಿಯೇ, ಕ್ರಿಚ್ಲಿ ಎಂಬ ಗಟ್ಟಿಗಿತ್ತಿಯ ಮನೆಗೆ ಹೋಯಿತು. ಕೆಲವು ಹುಡುಗರು ಓಡಿಹೋಗದಂತೆ ತಾಯ್ತಂದೆಗಳು ಅವರ ಕಾಲಿಗೆ ಮರದ ತುಂಡುಗಳನ್ನೋ ತೂಕದ ಕಲ್ಲುಗಳನ್ನೋ ಕಟ್ಟಿ ಕಳುಹಿಸುತ್ತಿದ್ದರೆಂದು ಆ ಶಾಲೆಯಲ್ಲಿ ಕಲಿತವರು ಮುಪ್ಪಿನಲ್ಲಿ ನೆನೆದು ಹೇಳಿದ್ದುಂಟು.

ಶಾಲೆಯ ದಿನಚರ್ಯೆಯು ಹೀಗಿತ್ತು. ಮಕ್ಕಳು ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಬಂದು ಹನ್ನೆರಡರವರೆಗೆ ಇರುವರು. ಮನೆಗೆ ಹೋಗಿ ಒಂದು ಗಂಟೆಗೆ ಹಿಂದಿರುಗಿ ಒಂದು ಪಾಠವನ್ನು ಓದಿದ ಬಳಿಕ ಸಾಲಾಗಿ ದೇವಾಲಯಕ್ಕೆ ಹೋಗುವರು. ಆರಾಧನೆ ಮುಗಿದಮೇಲೆ ಸಂಜೆ ಐದೂವರೆಯವರೆಗೆ ಪ್ರಶ್ನೋತ್ತರ ಪಾಠ. ಆಮೇಲೆ ಗದ್ದಲ ಮಾಡದೆ ಮನೆಗೆ ಹೋಗಬೇಕೆಂಬ ಅಪ್ಪಣೆ. ಸೇರಿಕೊಳ್ಳುವುದಕ್ಕೆ ಹಣವಾಗಲಿ ಒಳ್ಳೆಯ ಬಟ್ಟೆಯಾಗಲಿ ಪಾದರಕ್ಷೆಯಾಗಲಿ ಬೇಕಿರಲಿಲ್ಲ. ಮುಖವನ್ನೂ ಕೈಯನ್ನೂ ತೊಳೆದು ತಲೆಯನ್ನು ಬಾಚಿಕೊಂಡು ಬಂದರೆ ಸಾಕಾಗಿತ್ತು. ಬಾಚಣಿಗೆಯೇ ಇಲ್ಲದ ಮಕ್ಕಳಿಗೆ ಅದನ್ನೂ ರೇಕ್ಸರೇ ಕೊಡುತ್ತಿದ್ದರು. ಚೆನ್ನಾಗಿ ಕಲಿತವರಿಗೆ ಪುಸ್ತಕವನ್ನೋ ಜೋಡನ್ನೋ ಉಡುಗೊರೆಯಾಗಿ ಕೊಡುವರು. ಶಾಲೆಯ ಉಪಯೋಗಕ್ಕಾಗಿ ಓದಿನ ಪುಸ್ತಕವನ್ನು ತಮ್ಮ ಅಚ್ಚುಕೂಟದಲ್ಲಿಯೇ ಮುದ್ರಿಸಿದರು. ಅಂದಿನ ರೂಢಿಯಂತೆ ಶಿಕ್ಷೆಯೂ ಕಠಿಣವಾಗಿಯೇ ಇದ್ದಿತು. ಬೆತ್ತವು ಮೂಲೆಯಲ್ಲಿ ಸುಮ್ಮನೆ ಇರುತ್ತಿರಲಿಲ್ಲ. ಈ ವಿಷಯದಲ್ಲಿ ನಾವು ಅವರನ್ನು ಅನುಸರಿಸಬೇಕಾದುದಿಲ್ಲ. ಆದರೆ ಬಾಗಿಲಲ್ಲಿ ನಿಂತು ಪ್ರತಿ ಮಗುವಿನ ಕೈಯನ್ನೂ ಮುಖವನ್ನೂ ನೋಡಿ, ಹೆಸರು ಹಿಡಿದು ಮಾತಾಡಿಸುವ ಆ ಅಕ್ಕರೆಯು ಆ ಓಣಿಯ ಮಕ್ಕಳಿಗೆ ಹೊಸದು.

ಪಟ್ಟಣದ ಹಿರಿಯರಲ್ಲಿ ಅನೇಕರು ಇದನ್ನು ಕಂಡು ನಕ್ಕರು. ಹರಕು ಬಟ್ಟೆಯ ಹುಡುಗರ ದಂಡನ್ನು ಹಿಂದಿಟ್ಟುಕೊಂಡು ದೇವಾಲಯಕ್ಕೆ ನಡೆಯುವ ಸೊಗಸುಗಾರನಿಗೆ ಅಡ್ಡಹೆಸರುಗಳನ್ನಿಟ್ಟು ಹಾಸ್ಯಮಾಡಿದರು. ರೇಕ್ಸರು ಅದಕ್ಕೆ ಕಿವಿಗೊಡಲಿಲ್ಲ. ಅವರ ವಿವೇಕವು ಇನ್ನೊಂದು ವಿಷಯದಲ್ಲಿಯೂ ತೋರುತ್ತದೆ. ವಾರವಾರವೂ ಪತ್ರಿಕೆಯನ್ನು ಹೊರಡಿಸುವವರಾಗಿದ್ದರೂ ಮೂರು ವರ್ಷಗಳವರೆಗೆ ಈ ಶಾಲೆಯ ವಿಷಯವಾಗಿ ಆಡಂಬರದಿಂದ ಏನನ್ನೂ ಬರೆಯಲಿಲ್ಲ. ಫಲವನ್ನು ಕಣ್ಣಾರೆ ಕಂಡ ಬಳಿಕ, 1783ನೆಯ ಇಸವಿ ನವೆಂಬರ್ 3ರ ಸಂಚಿಕೆಯಲ್ಲಿ ತಮ್ಮ ಹೆಸರನ್ನು ಹೇಳಿಕೊಳ್ಳದೆ ಒಂದು ಚಿಕ್ಕ ಲೇಖನವನ್ನು ಪ್ರಕಟಿಸಿದರು. ಗ್ರಾಮಗಳಲ್ಲಿಯೂ ಪಟ್ಟಣದಲ್ಲಿಯೂ ಆದಿತ್ಯವಾರದ ಗದ್ದಲವು ಅಡಗಿ ಮಕ್ಕಳು ಓದುತ್ತಿರುವರೆಂಬುದೇ ಅದರ ಸಾರಾಂಶ.

ಆ ಲೇಖನವನ್ನು ಕಂಡವರು ವಿವರಗಳನ್ನು ಕೇಳಿ ಕಾಗದ ಬರೆಯತೊಡಗಿದರು. ಲ್ಯಾಂಕಷೈರಿನ ಕರ್ನಲ್ ಟೌನ್‌ಲಿ ಎಂಬವರಿಗೆ ರೇಕ್ಸರು ಬರೆದ ಉತ್ತರವು 1784ರಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಎಂಬ ಹೆಸರಾಂತ ಮಾಸಪತ್ರಿಕೆಯಲ್ಲಿ ಅಚ್ಚಾಯಿತು. ಅಲ್ಲಿಂದ ಮುಂದಕ್ಕೆ ಬೆಳವಣಿಗೆಯು ಕಾಳ್ಗಿಚ್ಚಿನಂತಾಯಿತು. 1785ರಲ್ಲಿ ಬಟ್ಟೆಯ ವರ್ತಕರಾದ ವಿಲಿಯಂ ಫಾಕ್ಸರು ಲಂಡನ್ನಿನಲ್ಲಿ ಸಂಡೇಸ್ಕೂಲ್ ಸೊಸೈಟಿಯನ್ನು ಸ್ಥಾಪಿಸಿದರು. ಬೇರೆ ಬೇರೆ ಸಭೆಗಳವರು ಭೇದವನ್ನು ಬದಿಗಿಟ್ಟು ಅದರಲ್ಲಿ ಸೇರಿಕೊಂಡು, ಬಡ ಶಾಲೆಗಳಿಗೆ ಅಕ್ಷರಮಾಲೆಯ ಪುಸ್ತಕಗಳನ್ನೂ ಹೊಸ ಒಡಂಬಡಿಕೆಗಳನ್ನೂ ಒದಗಿಸಿದರು. ಜಾನ್ ವೆಸ್ಲಿಯವರು ಹೋದಹೋದಲ್ಲೆಲ್ಲ ಇಂಥ ಶಾಲೆಗಳನ್ನು ಕಂಡು ಮೆಚ್ಚಿದರು. ಶಾರ್ಲಟ್ ರಾಣಿಯವರು ರೇಕ್ಸರನ್ನು ವಿಂಡ್ಸರಿಗೆ ಕರೆಯಿಸಿ ಶಾಲೆಯ ವೃತ್ತಾಂತವನ್ನು ಅವರ ಬಾಯಿಂದಲೇ ಕೇಳಿದರು. 1787ರ ಹೊತ್ತಿಗೆ ಎರಡೂವರೆ ಲಕ್ಷ ಮಕ್ಕಳು ಕಲಿಯುತ್ತಿರುವರೆಂದು ರೇಕ್ಸರು ತಾವೇ ಎಣಿಕೆ ಹಾಕಿದ್ದರು.

ಆದರೆ ಇಷ್ಟು ಬೆಳೆದ ಕೆಲಸವು ಅಲ್ಲಿಯೇ ನಿಂತುಹೋಗುವ ಅಪಾಯವೂ ಒಳಗೇ ಇದ್ದಿತು. ರೇಕ್ಸರ ಶಾಲೆಗಳಲ್ಲಿ ಉಪಾಧ್ಯಾಯಿನಿಗೆ ದಿನವೊಂದಕ್ಕೆ ಒಂದು ಶಿಲ್ಲಿಂಗಿನ ಮೇಲೆ ಸಂಬಳವಿತ್ತು. ಕೇಳುವುದಕ್ಕೆ ಸ್ವಲ್ಪವೇ, ಆದರೆ ವರ್ಷದ 52 ಆದಿತ್ಯವಾರಗಳಿಗೆ ಒಬ್ಬಾಕೆಗೆ 52 ಶಿಲ್ಲಿಂಗು, ಎಂದರೆ 2 ಪೌಂಡು 12 ಶಿಲ್ಲಿಂಗು ಆಯಿತು. ನೂರು ಮಕ್ಕಳಿಗೆ ನಾಲ್ಕೈದು ಮಂದಿ ಬೇಕು. ಬಾಡಿಗೆ, ಪುಸ್ತಕ, ದೀಪ ಬೇರೆ. ಶಾಲೆಗಳು ಹೆಚ್ಚಿದಂತೆ ಚಂದಾಹಣವು ಹೆಚ್ಚಲಿಲ್ಲ. ಸಂಬಳಕ್ಕೆ ದೊರೆತವರಲ್ಲಿ ಕೆಲವರಿಗೆ ತಮಗೇ ಓದು ಚೆನ್ನಾಗಿ ಬಾರದು. ಈ ಗಂಟನ್ನು ಬಿಡಿಸಿದವರು ದೊಡ್ಡ ಮನುಷ್ಯರಲ್ಲ, ಲ್ಯಾಂಕಷೈರಿನ ನೂಲುವ ನೇಯುವ ಊರುಗಳ ಸಾಮಾನ್ಯ ಜನರು. ಬೋಲ್ಟನ್ ಎಂಬ ಊರಿನಲ್ಲಿ 1787ರಲ್ಲಿ ಸುಮಾರು 800 ಮಕ್ಕಳಿಗೆ 80 ಮಂದಿ ಬೋಧಕರು ಒಂದು ಕಾಸನ್ನೂ ತೆಗೆದುಕೊಳ್ಳದೆ ಕಲಿಸುತ್ತಿದ್ದುದನ್ನು ವೆಸ್ಲಿಯವರು ಕಂಡು ತಮ್ಮ ದಿನಚರಿಯಲ್ಲಿ ಬರೆದಿಟ್ಟರು. ಹತ್ತು ಮಕ್ಕಳಿಗೆ ಒಬ್ಬರಂತೆ! ಸಂಬಳ ಕೊಟ್ಟು ನಡೆಸುವ ಯಾವ ಶಾಲೆಗೆ ಇದು ಸಾಧ್ಯವಾದೀತು? 1784ರಲ್ಲಿ ಆರಂಭವಾದ ಸ್ಟಾಕ್‌ಪೋರ್ಟಿನ ಶಾಲೆಯೂ ಸಂಬಳದ ಕ್ರಮವನ್ನು ಬಿಟ್ಟು ಸ್ವಸಂತೋಷದ ಬೋಧಕರಿಂದಲೇ ಬೆಳೆದು, ಮುಂದೆ ಸಾವಿರಾರು ಮಕ್ಕಳನ್ನುಳ್ಳ ಮಹಾಶಾಲೆಯಾಯಿತು.

ಈ ಬದಲಾವಣೆಯಿಂದ ಇನ್ನೊಂದು ಗುಣವುಂಟಾಯಿತು. ಈ ವರ್ಷ ಅಕ್ಷರ ಕಲಿತ ಹುಡುಗಿಯು ಕೆಲವು ವರ್ಷಗಳ ಮೇಲೆ ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತು ಚಿಕ್ಕವರಿಗೆ ಕಲಿಸುವವಳಾದಳು. ಹಗಲೆಲ್ಲ ಗಿರಣಿಯಲ್ಲಿ ನಿಂತು ದುಡಿಯುವವಳಿಗೆ ಆದಿತ್ಯವಾರದಂದು ಗುರುವಿನ ಸ್ಥಾನವು ದೊರೆಯಿತು. ಕೊಡುವವರು ಬೇರೆ, ಪಡೆಯುವವರು ಬೇರೆ ಎಂಬ ಭೇದವು ಅಳಿಯಿತು. ಕಲಿತವಳೇ ಕಲಿಸುವವಳಾದ ಕಾರಣದಿಂದ ಶಾಲೆಯು ತನ್ನ ಬೋಧಕರನ್ನು ತಾನೇ ಬೆಳೆಸಿಕೊಂಡಿತು.

ಈ ಸಂದರ್ಭದಲ್ಲಿ ಹ್ಯಾನಾ ಮೋರ್ ಎಂಬ ವಿದುಷಿಯನ್ನು ನಮ್ಮ ಸೋದರಿಯರು ಮರೆಯಲಾಗದು. ನಾಟಕ ಕಾವ್ಯಗಳಿಂದ ಲಂಡನ್ನಿನಲ್ಲಿ ಹೆಸರು ಪಡೆದಿದ್ದ ಆಕೆ 1789ರಲ್ಲಿ ವಿಲ್ಬರ್‌ಫೋರ್ಸರ ಪ್ರೇರಣೆಯಿಂದ ತಂಗಿ ಮಾರ್ಥಾಳೊಡನೆ ಚೆಡರ್ ಎಂಬ ಹಳ್ಳಿಯಲ್ಲಿ ಶಾಲೆಯನ್ನು ತೆರೆದರು. ಆ ಊರಿನಲ್ಲೆಲ್ಲ ಒಂದೇ ಒಂದು ಸತ್ಯವೇದವು ಅವರ ಕಣ್ಣಿಗೆ ಬಿದ್ದಿತು. ಅದೂ ಹೂಕುಂಡಕ್ಕೆ ಆನಿಕೆಯಾಗಿದ್ದಿತು. ಬಡವರು ಓದಿದರೆ ಬೇಸಾಯವು ಕೆಡುವುದೆಂದು ಸಿರಿವಂತ ರೈತರು ಅಡ್ಡಿಮಾಡಿದರು. ತಮ್ಮ ಮಕ್ಕಳನ್ನು ಹಿಡಿದು ಸಮುದ್ರದಾಚೆಗೆ ಸಾಗಿಸುವರೋ ಎಂದು ಕೆಲವು ತಾಯಂದಿರು ಅಂಜಿದರು. ಅಕ್ಕತಂಗಿಯರು ಎದೆಗುಂದದೆ ಮೆಂಡಿಪ್ ಬೆಟ್ಟಗಳ ಹಳ್ಳಿಗಳಲ್ಲಿ ಆದಿತ್ಯವಾರ ಆದಿತ್ಯವಾರವೂ ಮೈಲಿಗಟ್ಟಲೆ ಸಂಚರಿಸಿ ಶಾಲೆಗಳನ್ನು ನಡೆಸಿದರು.

ವಿರೋಧವು ಹಳ್ಳಿಗಳಲ್ಲಿ ಮಾತ್ರವಲ್ಲ, ಉನ್ನತ ಸ್ಥಾನಗಳಲ್ಲಿಯೂ ಇದ್ದಿತು. 1789ರಲ್ಲಿ ಫ್ರಾನ್ಸಿನಲ್ಲಿ ಮಹಾಕ್ರಾಂತಿಯಾದ ಬಳಿಕ ಇಂಗ್ಲೆಂಡಿನ ಒಡೆಯರಿಗೆ ಭಯ ಹುಟ್ಟಿತು. ಸತ್ಯವೇದವನ್ನು ಓದಬಲ್ಲವನು ರಾಜ್ಯವನ್ನು ಟೀಕಿಸುವ ಪುಸ್ತಕಗಳನ್ನೂ ಓದಬಲ್ಲನಲ್ಲವೇ ಎಂಬುದು ಅವರ ಶಂಕೆ. 1800ರಲ್ಲಿ ರೋಚೆಸ್ಟರಿನ ಬಿಷಪ್ ಹಾರ್ಸ್‌ಲಿಯವರು ತಮ್ಮ ಪಾದ್ರಿಗಳಿಗೆ ಉಪದೇಶಿಸುವಾಗ ಕೆಲವು ಶಾಲೆಗಳು ರಾಜದ್ರೋಹದ ಬೀಜವನ್ನು ಬಿತ್ತುವುವೆಂದು ಎಚ್ಚರಿಸಿದರು. ಶಾಲೆಗಳ ಹಿತಚಿಂತಕರೂ ಈ ಅಂಜಿಕೆಯಿಂದ ಪೂರ್ತಿಯಾಗಿ ಮುಕ್ತರಾಗಿರಲಿಲ್ಲ. ಓದನ್ನು ಕಲಿಸಿದರೂ ಬರೆಹವನ್ನು ಕಲಿಸಬಾರದೆಂದು ಹ್ಯಾನಾ ಮೋರರೇ ಕಟ್ಟುಮಾಡಿದ್ದರು. ಬರೆಯುವುದು ಲೌಕಿಕ ಕೆಲಸವಾದ್ದರಿಂದ ಆದಿತ್ಯವಾರಕ್ಕೆ ಸಲ್ಲದೆಂದು ಬೇರೆ ಕೆಲವರು ವಾದಿಸಿದರು. ರೇಕ್ಸರ ಮನಸ್ಸಿನಲ್ಲಿಯೂ ಮಕ್ಕಳು ವಿನಯಶೀಲರಾಗಿ ತಮ್ಮ ಕಸಬಿನಲ್ಲಿ ನೆಲೆಗೊಳ್ಳಬೇಕೆಂಬ ಆಶೆಯೇ ಪ್ರಬಲವಾಗಿದ್ದಿತು. ಅವರು ಅರಮನೆಗಳನ್ನು ಅಲುಗಿಸಬೇಕೆಂದು ಹೊರಟವರಲ್ಲ. ಆದರೆ ಓದು ಎಂಬುದು ಕಲಿಸಿದವನು ಹಾಕಿದ ಬೇಲಿಯೊಳಗೆ ನಿಲ್ಲುವ ವಸ್ತುವಲ್ಲ. ಓದಬಲ್ಲ ಮಗುವು ಗುರುವು ತೋರಿದ ಪುಟವನ್ನು ಮುಗಿಸಿ ಮುಂದಿನ ಪುಟವನ್ನು ತಾನೇ ತಿರುವುತ್ತದೆ.

ಇದಕ್ಕೆ ಒಂದು ದೃಷ್ಟಾಂತವನ್ನು ನಮ್ಮಲ್ಲಿ ಬಹುಮಂದಿ ಚಿಕ್ಕಂದಿನಲ್ಲಿ ಕೇಳಿರುತ್ತೇವೆ. ಇಂಗ್ಲೆಂಡಿಗೆ ಹೊಂದಿರುವ ವೇಲ್ಸ್ ದೇಶದಲ್ಲಿ ಬಾಲಾ ಎಂಬ ಊರಿನ ಥಾಮಸ್ ಚಾರ್ಲ್ಸರು ಊರಿಂದೂರಿಗೆ ಸಾಗುವ ಓದಿನ ಶಾಲೆಗಳನ್ನೂ ಆದಿತ್ಯವಾರದ ಶಾಲೆಗಳನ್ನೂ ಹಬ್ಬಿಸಿದರು. ಅವರ ಶಾಲೆಯಲ್ಲಿ ಓದು ಕಲಿತ ಮೇರಿ ಜೋನ್ಸ್ ಎಂಬ ನೇಕಾರನ ಮಗಳು, ಸ್ವಂತವಾಗಿ ಒಂದು ಸತ್ಯವೇದವನ್ನು ಪಡೆಯಬೇಕೆಂದು ವರ್ಷಗಟ್ಟಲೆ ಕಾಸು ಕೂಡಿಟ್ಟು, 1800ರಲ್ಲಿ ಬರಿಗಾಲಿನಿಂದ ಸುಮಾರು 25 ಮೈಲಿ ನಡೆದು ಬಾಲಾಕ್ಕೆ ಹೋದಳು. ಓದು ಬಂದವರಿಗೆ ಪುಸ್ತಕಗಳ ಕೊರತೆಯೇ ಆಗ ದೊಡ್ಡದಾಗಿ ಕಂಡಿತು. 1804ರಲ್ಲಿ ಬ್ರಿಟಿಷ್ ಅಂಡ್ ಫಾರಿನ್ ಬೈಬಲ್ ಸೊಸೈಟಿಯು ಹುಟ್ಟುವುದಕ್ಕೆ ಈ ಕೊರತೆಯೇ ಪ್ರೇರಕವಾಯಿತು. ಕನ್ನಡ ಸತ್ಯವೇದದ ಮುದ್ರಣಕ್ಕೂ ಮುಂದೆ ಆ ಸಂಘದ ನೆರವು ದೊರೆಯಿತೆಂಬುದನ್ನು ನೆನೆದರೆ, ಆ ಬಡಮಕ್ಕಳ ಓದಿಗೂ ನಮ್ಮ ಮನೆಗಳ ಪುಸ್ತಕಕ್ಕೂ ಇರುವ ಎಳೆಯು ಕಾಣುವುದು.

1802ರಲ್ಲಿ ರೇಕ್ಸರು ಪತ್ರಿಕೆಯ ಕೆಲಸದಿಂದ ನಿವೃತ್ತರಾದರು. ಮುಪ್ಪಿನ ದಿನಗಳಲ್ಲಿ ಲಂಡನ್ನಿನ ಜೋಸೆಫ್ ಲ್ಯಾಂಕಾಸ್ಟರರು ಅವರನ್ನು ಕಾಣಲು ಬಂದರು. ದೊಡ್ಡ ಹುಡುಗರಿಂದ ಚಿಕ್ಕವರಿಗೆ ಪಾಠ ಹೇಳಿಸುವ ಕ್ರಮದಿಂದ ನೂರಾರು ಬಡಮಕ್ಕಳ ದಿನಶಾಲೆಯನ್ನು ನಡೆಸಿ ಹೆಸರಾಗಿದ್ದವರು ಅವರು. ಮುದುಕರಾದ ರೇಕ್ಸರು ಅತಿಥಿಯ ಕೈಹಿಡಿದು ಒಂದು ಓಣಿಗೆ ಕರೆದೊಯ್ದು, ಟೋಪಿಯನ್ನು ತೆಗೆದು, ಕಣ್ಣು ಮುಚ್ಚಿ ಕ್ಷಣಕಾಲ ಮೌನವಾಗಿ ನಿಂತರಂತೆ. ಈ ಮಕ್ಕಳಿಗಾಗಿ ಏನೂ ಮಾಡಲಾಗದೇ ಎಂದು ತಮ್ಮನ್ನು ತಾವೇ ಕೇಳಿಕೊಂಡದ್ದು ಇದೇ ಸ್ಥಳದಲ್ಲಿಯೆಂದೂ, ಪ್ರಯತ್ನಿಸಿ ನೋಡೆಂಬ ಅಂತರ್ವಾಣಿಯು ತಮಗೆ ಉತ್ತರ ಕೊಟ್ಟಿತೆಂದೂ ತಿಳಿಸಿದರಂತೆ. 1811ನೆಯ ಇಸವಿ ಏಪ್ರಿಲ್ 5ರಂದು ಹಠಾತ್ತಾಗಿ ಎದೆನೋವು ಕಾಣಿಸಿಕೊಂಡು, 74ನೆಯ ಪ್ರಾಯದಲ್ಲಿ ಅವರು ದೈವಾಧೀನರಾದರು. ಸೇಂಟ್ ಮೇರಿ ಡಿ ಕ್ರಿಪ್ಟ್ ದೇವಾಲಯದಲ್ಲಿ ಅವರ ದೇಹವನ್ನು ಸಮಾಧಿಮಾಡಲಾಯಿತು. ಶಾಲೆಯ ಮಕ್ಕಳು ತಮ್ಮ ಶವದ ಹಿಂದೆ ನಡೆದುಬರಬೇಕೆಂದೂ, ಪ್ರತಿಯೊಂದು ಮಗುವಿಗೂ ಒಂದು ಶಿಲ್ಲಿಂಗನ್ನೂ ಒಂದು ಪ್ಲಮ್ ಕೇಕನ್ನೂ ಕೊಡಬೇಕೆಂದೂ ಅವರು ಮೊದಲೇ ಹೇಳಿಟ್ಟಿದ್ದರು. ಅಂದು ಆ ಮಕ್ಕಳು ಅಳುತ್ತ ಕೇಕನ್ನು ಕೈಯಲ್ಲಿ ಹಿಡಿದು ಮನೆಗೆ ಹೋಗಿರಬೇಕು.

ಅವರ ಕಾಲಾನಂತರ ಆ ಕೆಲಸವು ಇನ್ನೂ ಬೆಳೆಯಿತು. 1851ರಲ್ಲಿ ಇಂಗ್ಲೆಂಡ್ ವೇಲ್ಸುಗಳಲ್ಲಿ ಸರಕಾರದವರು ಎಣಿಕೆ ಮಾಡಿಸಿದಾಗ ಆದಿತ್ಯವಾರದ ಶಾಲೆಗಳಲ್ಲಿ ಸುಮಾರು 24 ಲಕ್ಷ ಮಕ್ಕಳೂ 3 ಲಕ್ಷಕ್ಕೆ ಮಿಕ್ಕಿದ ಬೋಧಕರೂ ಕಂಡುಬಂದರು. ಆ ಬೋಧಕರಲ್ಲಿ ಸಂಬಳ ಪಡೆಯುವವರು ತೀರ ಸ್ವಲ್ಪ ಮಂದಿ. 1870ರ ಶಿಕ್ಷಣಶಾಸನದಿಂದ ಊರೂರಿಗೆ ದಿನಶಾಲೆಗಳಾದ ಬಳಿಕ ಅಕ್ಷರ ಕಲಿಸುವ ಭಾರವು ಅವುಗಳಿಗೆ ಸಂದು, ಆದಿತ್ಯವಾರದ ಶಾಲೆಯು ನಾವು ಈಗ ಬಲ್ಲ ರೂಪವನ್ನು ತಾಳಿತು. 1876ರಲ್ಲಿ ನಮ್ಮ ದೇಶದಲ್ಲಿಯೂ ಇಂಡಿಯಾ ಸಂಡೇಸ್ಕೂಲ್ ಯೂನಿಯನ್ ಸ್ಥಾಪಿತವಾಯಿತು. ಗ್ಲಾಸ್ಟರಿನ ಶಾಲೆಗೆ ನೂರು ವರ್ಷ ತುಂಬಿದಾಗ, 1880ರಲ್ಲಿ, ಲಂಡನ್ನಿನ ಥೇಮ್ಸ್ ನದಿಯ ಕಟ್ಟೆಯ ಮೇಲೆ ರೇಕ್ಸರ ಕಂಚಿನ ವಿಗ್ರಹವನ್ನು ನಿಲ್ಲಿಸಿದರು. ಅದರ ಪ್ರತಿರೂಪಗಳು 1930ರಲ್ಲಿ ಗ್ಲಾಸ್ಟರಿನಲ್ಲಿಯೂ ಕೆನಡಾ ದೇಶದ ಟೊರಾಂಟೊ ನಗರದಲ್ಲಿಯೂ ಸ್ಥಾಪಿಸಲ್ಪಟ್ಟವು. ಮೆರೆಡಿತ್ತಮ್ಮನಿಗೂ ಕ್ರಿಚ್ಲಿಯಮ್ಮನಿಗೂ ಅಂಥ ವಿಗ್ರಹಗಳಿಲ್ಲ. ಬೋಲ್ಟನ್ನಿನ 80 ಮಂದಿಯ ಹೆಸರುಗಳೂ ಜನರ ಬಾಯಲ್ಲಿಲ್ಲ.

ಈ ಚರಿತ್ರೆಯನ್ನು ಓದಿ ಮುಗಿಸುವಾಗ ನಮಗೆ ತೋರುವುದಿಷ್ಟು. ರೇಕ್ಸರು ಕಟ್ಟಡಕ್ಕಾಗಿ ಕಾಯಲಿಲ್ಲ, ಅಡಿಗೆಮನೆಯೊಂದು ಸಾಕಾಯಿತು. ಏಳು ದಿನಗಳೂ ದೊರೆಯಲೆಂದು ಕಾಯಲಿಲ್ಲ. ಒಂದು ದಿನವು ಸಾಕಾಯಿತು. ಆದರೆ ಅವರ ಹಣದಿಂದಲೇ ನಡೆಯಬೇಕಾಗಿದ್ದರೆ ಆ ಕೆಲಸವು ನಾಲ್ಕಾರು ಓಣಿಗಳನ್ನು ದಾಟುತ್ತಿರಲಿಲ್ಲ. ಉಚಿತವಾಗಿ ಕಲಿತವರು ಉಚಿತವಾಗಿ ಕಲಿಸಲು ಕುಳಿತ ದಿನವೇ ಅದಕ್ಕೆ ಕಾಲು ಬಂದಿತು. ಇಂದು ನಮ್ಮ ನಾಡಿನಲ್ಲಿ ಶಾಲೆಯಿಲ್ಲದ ಊರು ಅಪರೂಪ. ಆದರೂ ಶಾಲೆಗೆ ಹೋಗುತ್ತಿದ್ದರೂ ಸಾಲನ್ನು ಕೂಡಿಸಿ ಓದಲಾರದೆ, ಹಿಂದಿನ ಬೆಂಚಿನಲ್ಲಿ ತಲೆತಗ್ಗಿಸಿ ಕುಳಿತಿರುವ ಮಕ್ಕಳು ನಮ್ಮ ನೆರೆಯಲ್ಲಿಯೇ ಇದ್ದಾರೆ. ಮನೆಗೆಲಸದಾಕೆಯ ಮಗಳು, ತರಕಾರಿ ಮಾರುವವಳ ಮಗ, ಕಟ್ಟಡದ ಕೆಲಸಕ್ಕೆ ದೂರದಿಂದ ಬಂದವರ ಮಗು, ಇವರಲ್ಲಿ ಒಬ್ಬರು ನಮ್ಮ ಕಣ್ಣೆದುರಿಗೇ ಬೆಳೆಯುತ್ತಿರಬಹುದು. ಈ ಶಾಲೆಯ ಬೆಂಚುಗಳ ಮೇಲೆ ನಾವು ಕಲಿತ ಓದಿನ ಋಣವನ್ನು ಕಾಣಿಕೆಯ ಹಣದಿಂದ ಮಾತ್ರ ತೀರಿಸಲಾಗದು. ವಾರಕ್ಕೊಂದು ಗಂಟೆ, ಒಂದು ಮಗು, ಒಂದು ಪುಸ್ತಕ, ಇಷ್ಟನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಪ್ರತಿಯೊಬ್ಬರೂ ಕೈಗೊಂಡರೆ ರೇಕ್ಸರ ಚರಿತ್ರೆಯನ್ನು ಇಲ್ಲಿ ಬರೆದುದು ಸಾರ್ಥಕವಾಗುವುದು. ಅಡಿಗೆಮನೆಯು ನಮ್ಮೆಲ್ಲರ ಮನೆಯಲ್ಲಿಯೂ ಇದೆ.